‘ಇದೊಂದು ಆಟ ಮುಗಿಸಿ ಬರ್ತೀನಿ’

ಊಟಕ್ಕೆ ಕರೆದರೆ ನಿಮ್ಮ ಮಗ ಹೀಗೆನ್ನುತ್ತಾನೆಯೇ? ಪಬ್‌ಜಿಯಂಥ ಮೊಬೈಲ್ ಆಟದಲ್ಲಿ ಸುಮಾರು 100 ಮಂದಿ ಒಟ್ಟಿಗೆ ಕಣಕ್ಕಿಳಿಯುತ್ತಾರೆ. ಕೊನೆಗೆ ಉಳಿದವರೇ ವಿಜಯಿಗಳು. ಒಂದು ಪಂದ್ಯ ಅರ್ಧ ಗಂಟೆ ಹಿಡಿಯಬಹುದು. ನಡುವೆ ತಡೆದು ನಿಲ್ಲಿಸಲು ಬರುವುದಿಲ್ಲ. ಆದ್ದರಿಂದ ಫೋನ್ ಕಿತ್ತುಕೊಂಡರೆ ಜಗಳವಾದೀತೇ ಹೊರತು ಪ್ರಯೋಜನವಿಲ್ಲ. ದಿನಕ್ಕೆ ಎಷ್ಟು ಆಟ ಎಂಬುದನ್ನು ಮೊದಲೇ ಮಾತನಾಡಿ ಒಪ್ಪಿಸಿ. ಮಲಗುವ ಒಂದು ಗಂಟೆ ಮೊದಲೇ ಮನೆಯವರೆಲ್ಲರ ಫೋನುಗಳೂ ನಡುಮನೆ ಸೇರಲಿ.

ಆಡುವವರೆಲ್ಲ ರೋಗಿಗಳಲ್ಲ. ಆದರೆ ಓದು, ನಿದ್ರೆ ಕೆಟ್ಟರೂ ಆಟ ಬಿಡಲಾಗದ ಸ್ಥಿತಿ ಸಾಮಾನ್ಯವಾಗಿ 12 ತಿಂಗಳು ಮುಂದುವರಿದರೆ ಅದು ಕಾಯಿಲೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಇದೂ ಸೇರಿದೆ. ಲಕ್ಷಣ ಕಂಡರೆ ವರ್ಷವಿಡೀ ಕಾಯದೆ ಮನೋವೈದ್ಯರನ್ನು ಕಾಣಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಶಟ್’ ಕ್ಲಿನಿಕ್ ಇದೆ.