ಗರ್ಭಸ್ಥ ಶಿಶುವಿನ ಶಸ್ತ್ರಚಿಕಿತ್ಸೆ: ತರಬೇತಿ ಮಾದರಿಗಳ ತಯಾರಿಕೆ

ಒಂದೇ ಮಾಸನ್ನು ಹಂಚಿಕೊಂಡ ಅವಳಿ ಶಿಶುಗಳಲ್ಲಿ ಕೆಲವೊಮ್ಮೆ ಒಂದರ ರಕ್ತವು ಮತ್ತೊಂದಕ್ಕೆ ಹರಿದು ಎರಡರ ಪ್ರಾಣಕ್ಕೂ ಅಪಾಯ ಒದಗುತ್ತದೆ. ಆಗ ಸುಮಾರು 3 ಮಿ.ಮೀ. ದಪ್ಪದ ಫೀಟೋಸ್ಕೋಪನ್ನು ಗರ್ಭಕೋಶದೊಳಗೆ ತೂರಿಸಿ, ರಕ್ತನಾಳಗಳ ಕೂಡುಗಳನ್ನು ಲೇಸರ್ ಕಿರಣದಿಂದ ಮುಚ್ಚಲಾಗುತ್ತದೆ. 2004ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ ಲೇಸರ್ ಚಿಕಿತ್ಸೆ ಪಡೆದವರ ಪೈಕಿ ಶೇ. 76ರಷ್ಟು ತಾಯಂದಿರಿಗೆ ಕನಿಷ್ಠ ಒಂದು ಶಿಶುವಾದರೂ ಉಳಿಯಿತು. ಗರ್ಭಜಲವನ್ನು ಹೊರತೆಗೆಯುವ ಹಳೆಯ ಕ್ರಮದಲ್ಲಿ ಈ ಪ್ರಮಾಣ ಶೇ. 56.

ಇಂತಹ ಪ್ರಕರಣಗಳು ವಿರಳವಾದ್ದರಿಂದ ವೈದ್ಯರಿಗೆ ಕೈ ಪಳಗಿಸಿಕೊಳ್ಳುವ ಅವಕಾಶ ಕಡಿಮೆ. ಪೊರೆ ಹರಿದರೆ ಅಕಾಲ ಹೆರಿಗೆಯ ಭಯ. ಆದುದರಿಂದ ನೀರು ತುಂಬಿದ ಸಿಲಿಕೋನ್ ಗರ್ಭಕೋಶ, ಹೆರಿಗೆಯ ನಂತರ ದೊರೆಯುವ ಮಾಸು ಹಾಗೂ ಗಣಕಯಂತ್ರ ಆಧಾರಿತ ಮಾದರಿಗಳ ಮೇಲೆ ಅಭ್ಯಾಸ ನಡೆಯುತ್ತದೆ.

ಉದ್ದಿಮೆದಾರರು ಗಮನಿಸಬೇಕಾದ ಅಂಶವಿದು. 2019ರ ವೈದ್ಯಶಿಕ್ಷಣ ನಿಯಮಗಳು ಪ್ರತಿ ವೈದ್ಯಕೀಯ ಕಾಲೇಜಿಗೂ ಕೌಶಲ ಪ್ರಯೋಗಾಲಯವನ್ನು ಕಡ್ಡಾಯಗೊಳಿಸಿದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೊಳೆತ ಮಿಮಿಕ್ ಕಂಪನಿಯು ಎಂಡೋಸ್ಕೋಪಿ ತರಬೇತಿಯ ಸಿಮ್ಯುಲೇಟರನ್ನು ರೂಪಿಸಿದೆ. ಗರ್ಭಕೋಶದ ಮಾದರಿಗೆ ಬೇಡಿಕೆ ಸೀಮಿತ. ಆದರೆ ಸೂಜಿ ಚುಚ್ಚುವ ಚರ್ಮ, ಹೊಲಿಗೆಯ ಪದರ, ಹೆರಿಗೆಯ ಬೊಂಬೆ ಇವು ಸವೆಯುವ ಸರಕು, ಮತ್ತೆ ಮತ್ತೆ ಬೇಕಾಗುವಂಥವು. ಅಲ್ಟ್ರಾಸೌಂಡಿನಲ್ಲಿ ನೈಜ ಅಂಗದಂತೆ ಕಾಣುವುದು, ಸೂಜಿಗೆ ತಕ್ಕ ಪ್ರತಿರೋಧ ತೋರುವುದು, ಬಿಡಿಭಾಗ ಬದಲಿಸಲು ಬರುವುದು: ಇವೇ ಗುಣಮಟ್ಟದ ಅಳತೆಗೋಲು.

ಗದಗಿನಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅಚ್ಚು ಹಾಗೂ ರಬ್ಬರಿನ ಕೆಲಸ ಬಲ್ಲ ಸಣ್ಣ ಘಟಕಗಳು ಮೊದಲು ಅಲ್ಲಿಯ ಅಧ್ಯಾಪಕರ ಅಗತ್ಯವನ್ನು ಅರಿತು, ಒಂದು ನಮೂನೆ ಸಿದ್ಧಪಡಿಸಿ, ಅವರ ಕೈಯಲ್ಲೇ ಪರೀಕ್ಷಿಸುವುದು ಲೇಸು. ಪಳಗಿದ ಕೈಗಳು ಹೆಚ್ಚಿದಷ್ಟೂ ಸವಡಿಯಂತಹ ಗ್ರಾಮದ ಗರ್ಭಿಣಿಗೆ ಸಕಾಲದ ಚಿಕಿತ್ಸೆ ಹತ್ತಿರವಾದೀತು.