ಕೆಂಪಿನಾಚೆಯ ಬಿಸಿಲು

ಮೇ ತಿಂಗಳ ನಡುವಿನಲ್ಲಿ ಸೂರ್ಯ ಮುಂಬೈಯ ಅಂಧೇರಿಯ ನೆತ್ತಿಯ ಮೇಲೆ ನೆಟ್ಟಗೆ ಬರುತ್ತಾನೆ. ಆ ನಡುಹಗಲಲ್ಲಿ ಕಂಬದ ನೆರಳು ಬುಡದಲ್ಲೇ ಅಡಗುತ್ತದೆ; ಕಿಟಕಿಯ ಮೇಲಿನ ಸಜ್ಜಾ ಗಾಜಿಗೆ ನೆರಳಾಗುತ್ತದೆ. ಕಷ್ಟ ಶುರುವಾಗುವುದು ನಾಲ್ಕು ಗಂಟೆಯ ಮೇಲೆ. ವರ್ಸೋವಾ ಕಡೆಗೆ ಇಳಿಯುವ ಬಿಸಿಲು ಸಜ್ಜಾದ ಅಡಿಯಿಂದ ನುಸುಳಿ ನಮ್ಮ ಪಡುವಣ ಕೋಣೆಯ ನೆಲವನ್ನೆಲ್ಲ ತುಂಬುತ್ತದೆ. ಪರದೆ ಎಳೆದರೆ ಕತ್ತಲಾಗುತ್ತದೆಯೇ ಹೊರತು ಸೆಖೆ ಹೋಗುವುದಿಲ್ಲ. ರಾತ್ರಿ ಹತ್ತಕ್ಕೂ ಗೋಡೆ ಬೆಚ್ಚಗೇ ಇರುತ್ತದೆ.

ಬೆಳಕು ಬೇಕು, ಬಿಸಿ ಬೇಡ. ಈ ಆಸೆ ಈಡೇರಬಹುದೆಂಬ ಮೊದಲ ಸುಳಿವು ಸಿಕ್ಕಿದ್ದು ಸೂರ್ಯನನ್ನೇ ನೋಡಲು ಹೊರಟ ಒಬ್ಬ ಖಗೋಳವಿಜ್ಞಾನಿಗೆ.

1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್, ದೂರದರ್ಶಕದಲ್ಲಿ ಸೂರ್ಯನನ್ನು ನೋಡುವಾಗ ಕಣ್ಣಿನ ರಕ್ಷಣೆಗೆ ಬಣ್ಣದ ಗಾಜುಗಳನ್ನು ಅಡ್ಡ ಇಡುತ್ತಿದ್ದರು. ಕೆಲವು ಗಾಜುಗಳಲ್ಲಿ ಬೆಳಕು ಕಡಿಮೆ, ಆದರೆ ಕಣ್ಣಿಗೆ ಬಿಸಿ ತಾಕುತ್ತಿತ್ತು. ಇನ್ನು ಕೆಲವು ಧಾರಾಳ ಬೆಳಕು ಕೊಟ್ಟರೂ ಬಿಸಿ ಅಷ್ಟಿರಲಿಲ್ಲ. ಬೇರೆಯವರಾಗಿದ್ದರೆ ಹಿತವಾದ ಗಾಜನ್ನು ಇಟ್ಟುಕೊಂಡು ಮುಂದೆ ಹೋಗುತ್ತಿದ್ದರೋ ಏನೋ. ಹರ್ಷೆಲ್ ಆ ವ್ಯತ್ಯಾಸದ ಬೆನ್ನು ಹತ್ತಿದರು.

1800ರಲ್ಲಿ ಅವರು ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಬಿಡಿಸಿ, ಬುರುಡೆಗೆ ಕಪ್ಪು ಬಳಿದ ಉಷ್ಣಮಾಪಕವನ್ನು ಒಂದೊಂದು ಬಣ್ಣದಲ್ಲೂ ಇಟ್ಟರು. ಹೋಲಿಕೆಗೆಂದು ಪಕ್ಕದಲ್ಲೇ ಬೇರೆ ಉಷ್ಣಮಾಪಕಗಳಿದ್ದವು. ನೇರಳೆಯಿಂದ ಕೆಂಪಿನತ್ತ ಸರಿದಂತೆ ಪಾದರಸ ಹೆಚ್ಚು ಹೆಚ್ಚು ಏರಿತು. ಕೊನೆಗೆ ಕೆಂಪೂ ಮುಗಿದು ಏನೂ ಕಾಣದ ಜಾಗದಲ್ಲಿಟ್ಟರು. ಅಲ್ಲಿ ಅದು ಎಲ್ಲಕ್ಕಿಂತ ಮೇಲೇರಿತು! ಕಣ್ಣಿಗೆ ಕಾಣದ ಬಿಸಿಲು ಸಿಕ್ಕಿತ್ತು. ಅದನ್ನೇ ನಾವೀಗ ಅವಕೆಂಪು ಕಿರಣ ಎನ್ನುತ್ತೇವೆ. ನೆಲ ಮುಟ್ಟುವ ಬಿಸಿಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಇದರದ್ದು. ಇದನ್ನು ತಡೆದರೆ ಬೆಳಕಿಗೆ ಕೊರತೆಯಾಗುವುದಿಲ್ಲ.

ಗಾಜಿನ ಇನ್ನೊಂದು ಗುಣ ಅದಕ್ಕೂ ಮೊದಲೇ ಬಯಲಾಗಿತ್ತು. ಸ್ವಿಟ್ಜರ್ಲೆಂಡಿನ ಹೊರಾಸ್ ಬೆನೆಡಿಕ್ಟ್ ದ ಸೊಸ್ಯೂರ್ 1767ರಲ್ಲಿ ಗಾಜಿನ ಪೆಟ್ಟಿಗೆಗಳನ್ನು ಬಿಸಿಲಿಗಿಡಲು ತೊಡಗಿದರು; ಮುಂದೆ ಅವರು ಮಾಡಿದ ಪೆಟ್ಟಿಗೆಯೊಳಗಿನ ಶಾಖ ನೀರಿನ ಕುದಿಬಿಂದುವನ್ನೂ ದಾಟಿತು. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ. ಆ ಬಿಸಿಲಿನಿಂದ ಕಾದ ನೆಲ, ಮಂಚ, ಗೋಡೆಗಳು ಹೊಮ್ಮಿಸುವ ಉದ್ದ ಅಲೆಯ ಶಾಖವನ್ನು ಮಾತ್ರ ನೇರವಾಗಿ ಹೊರಗೆ ಬಿಡುವುದಿಲ್ಲ. ಒಳಗಿನ ಪರದೆ ಯಾಕೆ ಸೋಲುತ್ತದೆಂದು ನನಗೆ ತಿಳಿದದ್ದು ಇದನ್ನು ಓದಿದಾಗ. ಪರದೆಗೆ ಬಿಸಿಲು ತಾಕುವಷ್ಟರಲ್ಲಿ ಶಾಖ ಗಾಜನ್ನು ದಾಟಿ ಮನೆ ಸೇರಿಯಾಗಿರುತ್ತದೆ.

ಈ ತಿಳಿವು ಮನೆಯ ಕಿಟಕಿಗೆ ಬರಲು 1973ರ ತೈಲ ಬಿಕ್ಕಟ್ಟೇ ಬೇಕಾಯಿತು. ಮನೆ ಬೆಚ್ಚಗಿಡುವ ಖರ್ಚು ಏರಿದಾಗ ಅಮೆರಿಕದ ಬರ್ಕ್‌ಲಿ ಪ್ರಯೋಗಾಲಯವೂ ಕೆಲವು ಸಣ್ಣ ಕಂಪನಿಗಳೂ ಕಿಟಕಿಯ ಬೆನ್ನು ಹತ್ತಿದವು. ಉತ್ತರ ಬೆಳ್ಳಿಯಲ್ಲಿತ್ತು. ಕೂದಲೆಳೆಗಿಂತ ಸಾವಿರಾರು ಪಟ್ಟು ತೆಳುವಾದ ಬೆಳ್ಳಿಯ ಪದರ ಅವಕೆಂಪನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಅದರ ಎರಡೂ ಬದಿಗೆ ಲೋಹದ ಆಕ್ಸೈಡಿನ ಲೇಪ ಕೊಟ್ಟರೆ ಬೆಳಕು ಸಲೀಸಾಗಿ ದಾಟುತ್ತದೆ. ಅಂಗಡಿಯಲ್ಲಿ 'ಲೋ-ಇ ಗ್ಲಾಸ್' ಎನ್ನುವುದು ಇದನ್ನೇ.

ಆದರೆ ಚಳಿನಾಡಿನ ಲೋ-ಇ ಗಾಜಿಗೆ ಬಿಸಿಲನ್ನು ಒಳಗೆ ಬಿಟ್ಟು ಮನೆಯ ಶಾಖವನ್ನು ಉಳಿಸುವ ಕೆಲಸ. ನಮಗೆ ಬೇಕಾದದ್ದು ಬಿಸಿಲನ್ನೇ ಹೊರಗೆ ತಡೆಯುವ ಬಗೆ. ಆದ್ದರಿಂದ ಕೊಳ್ಳುವಾಗ ಕೇಳಬೇಕಾದ ಅಂಕಿ ಎಸ್‌ಎಚ್‌ಜಿಸಿ, ಅಂದರೆ ಬಿದ್ದ ಬಿಸಿಲಿನಲ್ಲಿ ಎಷ್ಟು ಪಾಲು ಶಾಖವಾಗಿ ಒಳಬರುತ್ತದೆ ಎಂಬುದು. ಸಾದಾ ಗಾಜಿನಲ್ಲಿ ಅದು ಸುಮಾರು 0.8, ಒಳ್ಳೆಯ ಬಿಸಿಲುತಡೆ ಗಾಜಿನಲ್ಲಿ 0.3ಕ್ಕೂ ಇಳಿಯುತ್ತದೆ. ಇನ್ನೊಂದು ಎಚ್ಚರಿಕೆ: ಬೆಳ್ಳಿಯ ಲೇಪ ತೇವಕ್ಕೆ ಕೆಡುತ್ತದೆ. ಅಂಧೇರಿಯ ಕಡಲಗಾಳಿಗೆ ಅದನ್ನು ತೆರೆದಿಡುವಂತಿಲ್ಲ; ಎರಡು ಗಾಜುಗಳ ನಡುವೆ ಭದ್ರವಾಗಿ ಮುಚ್ಚಿರಬೇಕು.

ಗಾಳಿಯ ಮಾತನ್ನೂ ಮರೆಯುವಂತಿಲ್ಲ. ವಸತಿ ಕಟ್ಟಡಗಳಿಗೆ 2018ರಲ್ಲಿ ಬಂದ ಇಂಧನ ಸಂಹಿತೆ 'ಇಕೋ ನಿವಾಸ್ ಸಂಹಿತಾ' ಮುಂಬೈಯಂಥ ಸೆಖೆಯ ಊರಿನಲ್ಲಿ ತೆರೆಯಬಲ್ಲ ಕಿಟಕಿ-ಬಾಗಿಲಿನ ಜಾಗ ನೆಲದ ವಿಸ್ತೀರ್ಣದ ಆರನೇ ಒಂದು ಪಾಲಾದರೂ ಇರಬೇಕು ಎನ್ನುತ್ತದೆ. 120 ಚದರಡಿ ಇದ್ದರೆ 20 ಚದರಡಿ. ನಮ್ಮ ಸ್ಲೈಡಿಂಗ್ ಕಿಟಕಿಗಳು ತೆರೆದುಕೊಳ್ಳುವುದು ಅರ್ಧ ಮಾತ್ರ. ಎಷ್ಟೇ ಒಳ್ಳೆಯ ಗಾಜಾದರೂ ಬೀಸುವ ಗಾಳಿಗೆ ಬದಲಿಯಲ್ಲ.

ಹಳೆಯ ಮನೆಗೆ ಗಾಜು ಬದಲಿಸುವ ದುಡ್ಡು ಎಲ್ಲರಲ್ಲೂ ಇರುವುದಿಲ್ಲ, ನಮ್ಮಲ್ಲೂ ಇರಲಿಲ್ಲ. ಗ್ರಿಲ್ಲಿನ ಒಳಗೆ, ಗಾಜಿನ ಹೊರಗೆ, ಗಾಳಿಗೆ ಹಾರದಂತೆ ಬಿಗಿದು ಬಿದಿರಿನ ತಟ್ಟಿ ಕಟ್ಟಿದೆವು. ಈಗ ನಾಲ್ಕರ ಬಿಸಿಲು ಹೊರಗೆ ಬಿದಿರನ್ನು ಕಾಯಿಸುತ್ತದೆ. ಸೀಳುಗಳ ನಡುವಿನಿಂದ ಸಣ್ಣ ಗೆರೆಗಳಾಗಿ ಬರುವ ಬೆಳಕು ಪುಸ್ತಕ ಓದಲು ಸಾಕು. ಸಂಜೆ ತಟ್ಟಿ ಸುತ್ತಿ ಕಿಟಕಿ ಸರಿಸುತ್ತೇವೆ. ರಾತ್ರಿ ಹತ್ತಕ್ಕೆ ಗೋಡೆ ಮುಟ್ಟಿ ನೋಡುವ ಅಭ್ಯಾಸ ಇನ್ನೂ ಹೋಗಿಲ್ಲ. ಮೊದಲಿನಷ್ಟು ಬಿಸಿ ಅದರಲ್ಲಿಲ್ಲ.