ಕಟ್ಟೆಯ ಮಾತು, ಒಳಮನೆಯ ಮಾತು: ನೌಕರರ ಜಾಲತಾಣ ಖಾತೆ ಮತ್ತು ಕಾನೂನು

ಗ್ರಾಮ ಸಮಾಜದಲ್ಲಿ ಮಾತಿನ ಬೆಲೆಯನ್ನು ಅದು ಹುಟ್ಟಿದ ಜಾಗ ನಿರ್ಧರಿಸುತ್ತದೆ. ಅರಳಿಕಟ್ಟೆಯಲ್ಲಿ ಆಡಿದ್ದು ಊರಿನ ಮಾತು. ಅದನ್ನು ಕೇಳಲು, ಪ್ರಶ್ನಿಸಲು ಎಲ್ಲರಿಗೂ ಅಧಿಕಾರವುಂಟು. ಹೊಸ್ತಿಲೊಳಗಿನ ಮಾತು ಹಾಗಲ್ಲ. ಹೆಣ್ಣುಮಕ್ಕಳು ಬೀಸುವ, ಕುಟ್ಟುವ ಪದಗಳಲ್ಲಿ ತಮ್ಮ ಕಷ್ಟವನ್ನು ತೋಡಿಕೊಂಡದ್ದು, ಕೇಳುವವರು ತಮ್ಮವರೇ ಎಂಬ ನೆಚ್ಚಿಕೆಯಿಂದ.

ಅಜ್ಜಂಪುರ ತಾಲ್ಲೂಕಿನ ಶಿವನಿ, ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಒಂದು ರೈಲು ನಿಲ್ದಾಣ. ಇಂತಹ ಊರುಗಳಿಂದ ದುಡಿಮೆಗಾಗಿ ನಗರ ಸೇರಿದವರಿಗೆ ಫೇಸ್‌ಬುಕ್ ಪುಟವೇ ಕಟ್ಟೆ, ವಾಟ್ಸಾಪ್ ಗುಂಪೇ ಒಳಮನೆ. ಕೆಲಸ ಕೊಟ್ಟವರು ಈ ಒಳಮನೆಯನ್ನು ಪ್ರವೇಶಿಸಬಹುದೇ ಎಂಬುದು ಪ್ರಸ್ತುತ ಪ್ರಶ್ನೆ.

ಭಾರತದಲ್ಲಿ ಈ ಚರ್ಚೆಯ ಬುನಾದಿಗೆ ಕನ್ನಡ ನಾಡಿನ ನಂಟಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸಲ್ಲಿಸಿದ ಅರ್ಜಿಯ ಫಲವಾಗಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆದರೆ ಮೂಲಭೂತ ಹಕ್ಕುಗಳು ಮುಖ್ಯವಾಗಿ ಪ್ರಭುತ್ವವನ್ನು ಕಟ್ಟಿಹಾಕುವಂಥವು. ಖಾಸಗಿ ಮಾಲೀಕನನ್ನು ನಿಯಂತ್ರಿಸಲು ಶಾಸನವೇ ಬೇಕು.

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಸಿ ಕಲಮಿನಂತೆ, ಮತ್ತೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಅಥವಾ ಅಪ್ರಾಮಾಣಿಕವಾಗಿ ಬಳಸುವುದು ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧ. ಕದ್ದು ಬಳಸಿದರೆ ಈ ಕಲಮು ನೆರವಿಗೆ ಬರುತ್ತದೆ. ಮಾಲೀಕನು ಕೇಳಿ ಪಡೆದರೆ? ಅಮೆರಿಕದ ಮೇರಿಲ್ಯಾಂಡ್ ರಾಜ್ಯವು ಹಾಗೆ ಕೇಳುವುದನ್ನೇ 2012ರಲ್ಲಿ ಶಾಸನದ ಮೂಲಕ ನಿಷೇಧಿಸಿತು. ಭಾರತದಲ್ಲಿ ಅಂತಹ ಪ್ರತ್ಯೇಕ ಶಾಸನವಿಲ್ಲ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಕಟ್ಟೆ–ಒಳಮನೆಗಳ ಭೇದವನ್ನು ತನ್ನದೇ ರೀತಿಯಲ್ಲಿ ಒಪ್ಪುತ್ತದೆ. ವ್ಯಕ್ತಿಯು ತಾನಾಗಿ ಸಾರ್ವಜನಿಕಗೊಳಿಸಿದ ಮಾಹಿತಿಗೆ ಅದು ಅನ್ವಯಿಸದು. ಉಳಿದ ಮಾಹಿತಿಗೆ ಮುಕ್ತ, ನಿರ್ದಿಷ್ಟ, ಷರತ್ತಿಲ್ಲದ ಸಮ್ಮತಿ ಬೇಕು. ಆದರೆ ಏಳನೆಯ ಕಲಮು ಉದ್ಯೋಗದ ಉದ್ದೇಶಗಳಿಗೆ, ಮಾಲೀಕನನ್ನು ನಷ್ಟದಿಂದ ಕಾಪಾಡುವುದಕ್ಕೆ ಸಮ್ಮತಿಯಿಲ್ಲದೆಯೂ ದತ್ತಾಂಶ ಬಳಸಲು ಎಡೆಗೊಡುತ್ತದೆ. ವ್ಯಾಪಾರದ ಗುಟ್ಟನ್ನು ಕಾಯುವುದು ಅದರಲ್ಲಿ ಸೇರಿದೆ. ಈ ಮಾತುಗಳನ್ನು ಎಷ್ಟು ಹಿಗ್ಗಿಸಬಹುದು ಎಂಬುದರಲ್ಲೇ ಮುಂದಿನ ವಿವಾದಗಳ ಬೀಜವಿದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಮುಖ್ಯ ಉಪಬಂಧಗಳ ಜಾರಿಗೆ ಅಲ್ಲಿಂದ ಹದಿನೆಂಟು ತಿಂಗಳ ಅವಧಿ ನಿಗದಿಯಾಗಿದೆ.

ಸಮ್ಮತಿಯ ಸ್ವರೂಪವನ್ನು ಅರಿಯಲು ಜೀತದ ಇತಿಹಾಸ ಸಹಾಯಕ. ಜೀತದಾಳು ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದನು. ಕಾಗದದ ಮಟ್ಟಿಗೆ ಅದು ಒಪ್ಪಿಗೆಯೇ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಆ ಒಪ್ಪಿಗೆಯನ್ನು ಮಾನ್ಯ ಮಾಡಲಿಲ್ಲ. ಏಷ್ಯನ್ ಕ್ರೀಡಾಕೂಟದ ಕಾಮಗಾರಿ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1982ರಲ್ಲಿ, ಹಸಿವು ಬಡತನಗಳ ಒತ್ತಡವೂ ಬಲಾತ್ಕಾರವೇ ಎಂದು 23ನೆಯ ವಿಧಿಯನ್ನು ವ್ಯಾಖ್ಯಾನಿಸಿತು. ಆ ತೀರ್ಪು ಕೂಲಿಗೆ ಸಂಬಂಧಿಸಿದ್ದು, ಪಾಸ್‌ವರ್ಡಿಗಲ್ಲ. ಆದರೂ ಅದರ ತರ್ಕ ಇಲ್ಲಿಗೂ ಒಪ್ಪುತ್ತದೆ: ಕೆಲಸ ಹೋದೀತೆಂಬ ಅಂಜಿಕೆಯಲ್ಲಿ ಕೊಟ್ಟ ಪಾಸ್‌ವರ್ಡು ಮುಕ್ತ ಸಮ್ಮತಿಯ ಕುರುಹಾಗಲಾರದು.

ಇನ್ನೊಂದು ಅಂಶವೂ ಗಮನಾರ್ಹ. ಒಬ್ಬನ ಖಾತೆ ತೆರೆದರೆ ಅವನಿಗೆ ಬರೆದ ತಂಗಿ, ಗೆಳೆಯ, ಸಂಘದ ಸಹೋದ್ಯೋಗಿ ಇವರೆಲ್ಲರ ಮಾತೂ ಮಾಲೀಕನ ಮುಂದೆ ತೆರೆದುಕೊಳ್ಳುತ್ತದೆ. ಅವರು ಯಾವ ಸಮ್ಮತಿಯನ್ನೂ ಕೊಟ್ಟವರಲ್ಲ.

ಕಟ್ಟೆಯ ಮಾತಿಗೂ ರಕ್ಷಣೆ ಇಲ್ಲವೆಂದಲ್ಲ. ಸರ್ಕಾರಿ ನೌಕರರು ನಡತೆ ನಿಯಮಗಳ ಮಿತಿಯೊಳಗೆ ವಾಕ್‌ಸ್ವಾತಂತ್ರ್ಯ ಉಳ್ಳವರೇ ಎಂದು ತ್ರಿಪುರಾ ಹೈಕೋರ್ಟು 2020ರಲ್ಲಿ ಫೇಸ್‌ಬುಕ್ ಬರಹವೊಂದರ ಪ್ರಕರಣದಲ್ಲಿ ಹೇಳಿತು. ಬಹಿರಂಗ ಮಾತಿಗೇ ಇಷ್ಟು ಮನ್ನಣೆಯಿರುವಾಗ ಒಳಮನೆಯ ಮಾತಿಗೆ ಇನ್ನೂ ಹೆಚ್ಚಿನದು ಸಲ್ಲಬೇಕು. ಸಂಬಳವು ದುಡಿಮೆಯ ಹೊತ್ತಿಗೆ ತೆತ್ತ ಬೆಲೆಯೇ ಹೊರತು ದುಡಿಯುವವನ ಬಾಳಿಗೆ ತೆತ್ತ ಬೆಲೆಯಲ್ಲ. ಪಾಸ್‌ವರ್ಡ್ ಕೇಳುವುದನ್ನೇ ತಡೆಯುವ ಸ್ಪಷ್ಟ ಶಾಸನವೊಂದು ಈ ತತ್ತ್ವಕ್ಕೆ ಬಲ ತಂದೀತು.